ಆಧುನಿಕ ಕನ್ನಡ ರಂಗಭೂಮಿಯಲ್ಲಿ ಲಿಂಗತ್ವ, ಜಾತಿ, ಜನಾಂಗ ಮತ್ತು ರಂಗಸ್ಥಳ

ಸ್ವಾತಂತ್ರ್ಯಾನಂತರದ ಕನ್ನಡ ರಂಗಭೂಮಿಯ ಅಧ್ಯಯನದಲ್ಲಿ ಲಿಂಗತ್ವ, ಜಾತಿ, ಜನಾಂಗ ಮತ್ತು ರಂಗಸ್ಥಳ ಎಂಬ ನಾಲ್ಕು ಅಂಶಗಳು ಪರಸ್ಪರ ಹೆಣೆದುಕೊಂಡಿವೆ. ಯಾರು ವೇಷ ಕಟ್ಟಬಹುದು, ಯಾರ ಕತೆ ನಾಟಕವಾಗುತ್ತದೆ, ಪ್ರೇಕ್ಷಕರಾಗಿ ಯಾರು ಬಂದು ಕೂರುತ್ತಾರೆ ಎಂಬುದು ಬಹುಮಟ್ಟಿಗೆ ಆಟ ನಡೆಯುವ ಸ್ಥಳವನ್ನು ಅವಲಂಬಿಸಿರುತ್ತದೆ. ದೇವಸ್ಥಾನದ ಮುಂದಿನ ಬಯಲು, ಕಂಪನಿ ನಾಟಕದ ಥಿಯೇಟರು, ಸರ್ಕಾರಿ ರಂಗಮಂದಿರ, ಬೀದಿ, ಗ್ರಾಮೀಣ ರಂಗಶಾಲೆ ಮತ್ತು ಬಡಾವಣೆಯ ರಂಗಮಂದಿರ ಇವು ಈ ಬದಲಾವಣೆಯ ಮುಖ್ಯ ನೆಲೆಗಳು. ವಸಾಹತೋತ್ತರ ರಂಗಭೂಮಿಯ ಚರ್ಚೆಯಲ್ಲಿ ಜನಾಂಗಭೇದಕ್ಕೆ ಇರುವ ಸ್ಥಾನವನ್ನು ಕರ್ನಾಟಕದಲ್ಲಿ ಹೆಚ್ಚಾಗಿ ಜಾತಿ ಪಡೆದುಕೊಂಡಿದೆ. ಆದರೆ ಉತ್ತರ ಕನ್ನಡದ ಸಿದ್ದಿ ಸಮುದಾಯದ ರಂಗಪ್ರಯೋಗಗಳಲ್ಲಿ ಜನಾಂಗದ ಪ್ರಶ್ನೆಯೂ ನೇರವಾಗಿ ಎದುರಾಗುತ್ತದೆ.

ಹಿನ್ನೆಲೆ

ಯಕ್ಷಗಾನ, ದೊಡ್ಡಾಟ, ಸಣ್ಣಾಟ ಮೊದಲಾದ ಪಾರಂಪರಿಕ ಪ್ರಕಾರಗಳು ಬಯಲಿನಲ್ಲಿ ನಡೆಯುವಂಥವು. ಯಕ್ಷಗಾನದಲ್ಲಿ ಸ್ತ್ರೀವೇಷವನ್ನು ಪುರುಷರೇ ಧರಿಸುವುದು ರೂಢಿ. ಸಣ್ಣಾಟದ ಪರಂಪರೆಗೆ ಸೇರಿದ ಶ್ರೀಕೃಷ್ಣ ಪಾರಿಜಾತದಲ್ಲಿ ಕೌಜಲಗಿ ನಿಂಗಮ್ಮನವರಂತಹ ಕಲಾವಿದೆಯರು ಹೆಸರು ಮಾಡಿದ್ದುಂಟು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಪಾರಸಿ ಮತ್ತು ಮರಾಠಿ ನಾಟಕ ಮಂಡಳಿಗಳ ಪ್ರಭಾವದಿಂದ ಪರದೆ, ಚೌಕಟ್ಟಿನ ರಂಗ ಹಾಗೂ ಟಿಕೆಟಿನ ಪದ್ಧತಿ ಕನ್ನಡ ನಾಡಿಗೆ ಬಂದವು. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಈ ಪದ್ಧತಿಯ ಪ್ರಮುಖ ವೃತ್ತಿ ಕಂಪನಿಗಳಲ್ಲಿ ಒಂದು. ಮೂರು ಕಡೆ ಜನ ಕುಳಿತು ನೋಡುತ್ತಿದ್ದ ಆಟವು ಎದುರಿನಿಂದ ಮಾತ್ರ ನೋಡುವ ದೃಶ್ಯವಾದದ್ದು ವಸಾಹತು ಕಾಲದ ಮುಖ್ಯ ಬದಲಾವಣೆಯಾಗಿದೆ.

ರಂಗಸ್ಥಳದ ಸ್ಥಿತ್ಯಂತರ

ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ನೆನಪಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಿರ್ಮಿಸಲಾದ ರವೀಂದ್ರ ಕಲಾಕ್ಷೇತ್ರವು 1963ರಲ್ಲಿ ಆರಂಭವಾಯಿತು. ನಗರದ ಹವ್ಯಾಸಿ ರಂಗಭೂಮಿಗೆ ಇದು ಕೇಂದ್ರಸ್ಥಾನವಾಯಿತು. 1972ರಲ್ಲಿ ಬಿ.ವಿ. ಕಾರಂತರು ಇದೇ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಪಿ. ಲಂಕೇಶರು ಕನ್ನಡಕ್ಕೆ ತಂದ ಈಡಿಪಸ್, ಲಂಕೇಶರದೇ ಸಂಕ್ರಾಂತಿ ಹಾಗೂ ಚಂದ್ರಶೇಖರ ಕಂಬಾರರ ಜೋಕುಮಾರಸ್ವಾಮಿ ನಾಟಕಗಳನ್ನು ಪ್ರಯೋಗಿಸಿದರು. ಚೌಕಟ್ಟಿನ ರಂಗದಿಂದ ಬಯಲಿಗೆ ನಡೆದ ಈ ಮರಳುವಿಕೆಯನ್ನು ಆಧುನಿಕ ಕನ್ನಡ ರಂಗಭೂಮಿಯ ತಿರುವು ಎಂದು ಗುರುತಿಸಲಾಗುತ್ತದೆ. ಈಗ ಅಲ್ಲಿ ಸಂಸ ಬಯಲು ರಂಗಮಂದಿರವಿದೆ.

1975ರಲ್ಲಿ ಆರಂಭವಾದ ಸಮುದಾಯ ಸಂಘಟನೆಯು ನಾಟಕವನ್ನು ಬೀದಿಗೆ, ಕಾರ್ಖಾನೆಯ ಗೇಟಿಗೆ ಮತ್ತು ಹಳ್ಳಿಗೆ ಕೊಂಡೊಯ್ದಿತು. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯು ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟವನ್ನೂ ಆರಂಭಿಸಿತು. ಒಳ್ಳೆಯ ನಾಟಕಕ್ಕೆ ರಾಜಧಾನಿಯೇ ಬೇಕೆಂಬ ಭಾವನೆಯನ್ನು ಇದು ಅಲುಗಾಡಿಸಿತು.

ನಟ ಶಂಕರ್ ನಾಗ್ (ನಿಧನ: 1990) ಅವರ ನೆನಪಿನಲ್ಲಿ ಅರುಂಧತಿ ನಾಗ್ ಅವರು ಕಟ್ಟಿದ ರಂಗಶಂಕರವು 2004ರಲ್ಲಿ ಜೆ.ಪಿ. ನಗರದಲ್ಲಿ ತೆರೆಯಿತು. ಪ್ರೇಕ್ಷಕರ ನಡುವೆ ಚಾಚಿಕೊಂಡ ವೇದಿಕೆ, ತಡವಾಗಿ ಬಂದವರಿಗೆ ಪ್ರವೇಶವಿಲ್ಲವೆಂಬ ಶಿಸ್ತು ಇದರ ವೈಶಿಷ್ಟ್ಯಗಳು. ಜಯನಗರ, ಬನಶಂಕರಿಗಳಿಂದ ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆಯವರೆಗಿನ ದಕ್ಷಿಣ ಬೆಂಗಳೂರಿನ ನಿವಾಸಿಗಳಿಗೆ ನಗರದ ಮಧ್ಯಭಾಗಕ್ಕೆ ಹೋಗದೆಯೇ ನಾಟಕ ನೋಡುವ ಅವಕಾಶ ಇದರಿಂದ ದೊರೆಯಿತು.

ಲಿಂಗತ್ವ

ವೃತ್ತಿ ಕಂಪನಿಗಳ ಆರಂಭಕಾಲದಲ್ಲಿ ಸ್ತ್ರೀಪಾತ್ರಗಳನ್ನು ಪುರುಷರೇ ನಿರ್ವಹಿಸುತ್ತಿದ್ದರು. ರಂಗಕ್ಕೆ ಬಂದ ಮೊದಲ ತಲೆಮಾರಿನ ನಟಿಯರಲ್ಲಿ ಅನೇಕರು ಕಲಾವಂತ ಹಾಗೂ ದೇವದಾಸಿ ಹಿನ್ನೆಲೆಯ ಕುಟುಂಬಗಳವರು. ಹಾಡುಗಾರಿಕೆಗೆ ದೊರೆತ ಮೆಚ್ಚುಗೆ ಅವರ ಬದುಕಿಗೆ ದೊರೆಯಲಿಲ್ಲ. "ನಾಟಕದವಳು" ಎಂಬ ಮಾತು ಬಹುಕಾಲ ನಿಂದೆಯಾಗಿಯೇ ಉಳಿಯಿತು. ಮಳವಳ್ಳಿ ಸುಂದರಮ್ಮ, ಬಿ. ಜಯಮ್ಮ, ಚಿಂದೋಡಿ ಲೀಲಾ, ಸುಭದ್ರಮ್ಮ ಮನ್ಸೂರು ಮೊದಲಾದವರು ಈ ಪರಿಸರದಲ್ಲಿಯೇ ಹೆಸರು ಗಳಿಸಿದರು.

ಆರ್. ನಾಗರತ್ನಮ್ಮ (1926–2012) ಅವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಎಲ್ಲ ಪಾತ್ರಗಳನ್ನೂ ಮಹಿಳೆಯರಿಂದಲೇ ಮಾಡಿಸಿದರು. ಪೌರಾಣಿಕ ನಾಟಕಗಳ ಪುರುಷಪಾತ್ರಗಳಲ್ಲಿ ಸ್ವತಃ ಖ್ಯಾತರಾಗಿದ್ದ ಅವರಿಗೆ 2012ರಲ್ಲಿ ಪದ್ಮಶ್ರೀ ಸಂದಿತು. ಪುರುಷನ ಸ್ತ್ರೀವೇಷಕ್ಕೆ ಶಾಸ್ತ್ರವೂ ಗೌರವವೂ ಇದ್ದ ಕಾಲದಲ್ಲಿ, ಸ್ತ್ರೀಯರ ಪುರುಷವೇಷಕ್ಕೆ ಪ್ರತ್ಯೇಕ ಮಂಡಳಿಯನ್ನೇ ಕಟ್ಟಬೇಕಾಯಿತು ಎಂಬುದು ಇಲ್ಲಿ ಗಮನಾರ್ಹ. ಯಕ್ಷಗಾನದ ತೆಂಕುತಿಟ್ಟಿನಲ್ಲಿ ಲೀಲಾವತಿ ಬೈಪಾಡಿತ್ತಾಯ ಅವರು ಭಾಗವತರಾಗಿ ವೃತ್ತಿಮೇಳಗಳ ತಿರುಗಾಟ ನಡೆಸಿದರು.

ನವ್ಯ ಮತ್ತು ನವ್ಯೋತ್ತರ ನಾಟಕಗಳಲ್ಲಿ ಹೆಣ್ಣಿನ ಬಯಕೆ ಮುಖ್ಯ ವಸ್ತುವಾಯಿತು. ಗಿರೀಶ ಕಾರ್ನಾಡರ ಹಯವದನದ ಪದ್ಮಿನಿ ಹಾಗೂ ನಾಗಮಂಡಲದ (1988) ರಾಣಿ ಇದಕ್ಕೆ ನಿದರ್ಶನ. ಇವು ಪುರುಷರು ರಚಿಸಿದ ಸ್ತ್ರೀಪಾತ್ರಗಳು ಎಂಬುದು ಸ್ತ್ರೀವಾದಿ ವಿಮರ್ಶೆಯ ಆಕ್ಷೇಪ. ನಿರ್ದೇಶನಕ್ಷೇತ್ರದಲ್ಲಿ ಪ್ರೇಮಾ ಕಾರಂತ ಮತ್ತು ಗುಬ್ಬಿ ವೀರಣ್ಣನವರ ಮೊಮ್ಮಗಳಾದ, 1976ರಲ್ಲಿ ಸ್ಪಂದನ ತಂಡವನ್ನು ಕಟ್ಟಿದ ಬಿ. ಜಯಶ್ರೀ ಗಣ್ಯರು. ಶರಣ್ಯಾ ರಾಮ್‌ಪ್ರಕಾಶ್ ಅವರ ಅಕ್ಷಯಾಂಬರದಲ್ಲಿ ಯಕ್ಷಗಾನದ ಸ್ತ್ರೀವೇಷಧಾರಿ ಪ್ರಸಾದ್ ಚೇರ್ಕಾಡಿ ದ್ರೌಪದಿಯಾಗಿಯೂ ಶರಣ್ಯಾ ಕೌರವನಾಗಿಯೂ ಕಾಣಿಸಿಕೊಳ್ಳುತ್ತಾರೆ. ಸೀರೆ ಸೆಳೆಯುವ ಕೈ ಹೆಣ್ಣಿನದಾದಾಗ ಹಳೆಯ ಪ್ರಸಂಗದ ಅರ್ಥವೇ ಪ್ರಶ್ನೆಯಾಗುತ್ತದೆ.

ಲಿಂಗತ್ವ ಅಲ್ಪಸಂಖ್ಯಾತರು

ಯಲ್ಲಮ್ಮನ ಆರಾಧನೆಗೆ ಸೇರಿದ ಜೋಗತಿ ನೃತ್ಯವು ತೃತೀಯಲಿಂಗಿಗಳಿಗೆ ಧಾರ್ಮಿಕ ಪರಿಸರದಲ್ಲಿ ಒಂದು ನೆಲೆ ನೀಡಿತ್ತು. ಆ ಪರಂಪರೆಯ ಕಲಾವಿದೆ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು; 2021ರಲ್ಲಿ ಪದ್ಮಶ್ರೀ ಪಡೆದರು. ಎ. ರೇವತಿ ಅವರ ಆತ್ಮಕಥೆಯನ್ನು ದು. ಸರಸ್ವತಿ ಬದುಕು ಬಯಲು ಎಂದು ಕನ್ನಡಕ್ಕೆ ತಂದಿದ್ದು, ಎಂ. ಗಣೇಶ್ ನಿರ್ದೇಶನದಲ್ಲಿ ಹೆಗ್ಗೋಡಿನ ಜನಮನದಾಟ ತಂಡವು ಅದನ್ನು ರಂಗಕ್ಕೆ ಅಳವಡಿಸಿತು.

ಜಾತಿ

ಕುವೆಂಪು ಅವರ ಜಲಗಾರ ಮತ್ತು ಶೂದ್ರ ತಪಸ್ವಿ ನಾಟಕಗಳು ಜಾತಿಯ ಪ್ರಶ್ನೆಯನ್ನು ಸ್ವಾತಂತ್ರ್ಯಪೂರ್ವದಲ್ಲಿಯೇ ಎತ್ತಿದ್ದವು. 12ನೆಯ ಶತಮಾನದ ಕಲ್ಯಾಣವನ್ನು ವಸ್ತುವಾಗುಳ್ಳ ಸಂಕ್ರಾಂತಿ, ಎಚ್.ಎಸ್. ಶಿವಪ್ರಕಾಶರ ಮಹಾಚೈತ್ರ ಮತ್ತು ಕಾರ್ನಾಡರ ತಲೆದಂಡ (1990) ವರ್ಣಸಂಘರ್ಷವನ್ನು ಇತಿಹಾಸದ ಮೂಲಕ ಚರ್ಚಿಸಿದವು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ನಡೆದ ದಲಿತರ ಹತ್ಯೆಯನ್ನು ಕುರಿತ ಸಮುದಾಯದ ಬೀದಿನಾಟಕ ಬೆಲ್ಚಿಯನ್ನು ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶಿಸಿದರು. ಟಿಕೆಟ್ಟಾಗಲಿ ಮೆಟ್ಟಿಲಾಗಲಿ ಇಲ್ಲದ ಬೀದಿಯು ಈ ವಸ್ತುವನ್ನು ರಂಗಮಂದಿರದ ಹೊರಗಿನ ಜನರ ಮುಂದಿಟ್ಟಿತು. ಅವರದೇ ನಿರ್ದೇಶನದ, ದೇವನೂರ ಮಹಾದೇವರ ಕೃತಿಯನ್ನಾಧರಿಸಿದ ಒಡಲಾಳದಲ್ಲಿ ಉಮಾಶ್ರೀ ಅವರ ಸಾಕವ್ವನ ಪಾತ್ರ ಜನಮನ್ನಣೆ ಪಡೆಯಿತು.

ದು. ಸರಸ್ವತಿ ಅವರು ಸಣ್ಣತಿಮ್ಮಿ ರಾಮಾಯಣವೆಂಬ ಏಕವ್ಯಕ್ತಿ ಪ್ರಯೋಗದಲ್ಲಿ ರಾಮಕಥೆಯನ್ನು ದುಡಿಯುವ ಹೆಣ್ಣಿನ ನುಡಿಗಟ್ಟಿನಲ್ಲಿ ಹೇಳುತ್ತಾರೆ. ಕೆ.ಪಿ. ಲಕ್ಷ್ಮಣ ನಿರ್ದೇಶನದ ದಕ್ಲಕಥಾ ದೇವಿಕಾವ್ಯವು ಕವಿ ಕೆ.ಬಿ. ಸಿದ್ದಯ್ಯ (1954–2019) ಅವರ ಕಾವ್ಯವನ್ನು ಆಧರಿಸಿದೆ. ಅಸ್ಪೃಶ್ಯರಿಗೂ ಅಸ್ಪೃಶ್ಯರೆನಿಸಿದ ದಕ್ಕಲರ ಲೋಕವನ್ನು ಅರೆ, ತಮಟೆಗಳ ನಾದದಲ್ಲಿ ಇದು ಕಟ್ಟಿಕೊಡುತ್ತದೆ. ಸಾವಿಗೂ ಜಾತ್ರೆಗೂ ಬಡಿಯಲು ಕರೆಸಿಕೊಂಡು ಊರ ಹೊರಗಿಟ್ಟಿದ್ದ ವಾದ್ಯವು ಇಲ್ಲಿ ರಂಗದ ನಡುವಿಗೆ ಬರುತ್ತದೆ. ಇದೇ ನಿರ್ದೇಶಕರ ಬಾಬ್ ಮಾರ್ಲಿ ಫ್ರಮ್ ಕೋಡಿಹಳ್ಳಿಯು ನಗರದಲ್ಲಿ ಬದುಕುವ ದಲಿತ ಯುವಜನರನ್ನು ಕುರಿತದ್ದು. ಜಮೈಕಾದ ಗಾಯಕನ ಹೆಸರನ್ನು ಶೀರ್ಷಿಕೆಯಲ್ಲಿರಿಸುವ ಮೂಲಕ ಅದು ಕರಿಯರ ಮತ್ತು ದಲಿತರ ಅನುಭವಗಳನ್ನು ಅಕ್ಕಪಕ್ಕದಲ್ಲಿಡುತ್ತದೆ.

ಜನಾಂಗ: ಸಿದ್ದಿ ರಂಗಪ್ರಯೋಗಗಳು

ಸಿದ್ದಿಗಳು ಆಫ್ರಿಕಾ ಮೂಲದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಬಂದವರ ಸಂತತಿ ಗೋವೆಯಿಂದ ಕಾಡಿನತ್ತ ಸರಿದು ಯಲ್ಲಾಪುರ, ಹಳಿಯಾಳ, ಅಂಕೋಲಾ ಮೊದಲಾದ ಕಡೆ ನೆಲೆಸಿತು. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು. ಡಮಾಮಿ ಅವರ ಸಾಂಪ್ರದಾಯಿಕ ಕುಣಿತ.

ನೀನಾಸಮ್‌ನ ಚಿದಂಬರರಾವ್ ಜಂಬೆ ಅವರು ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಸಿದ್ದಿಗಳೊಂದಿಗೆ ಶಿಬಿರ ನಡೆಸಿ, ನೈಜೀರಿಯಾದ ಲೇಖಕ ಚಿನುವಾ ಅಚೆಬೆ ಅವರ ಥಿಂಗ್ಸ್ ಫಾಲ್ ಅಪಾರ್ಟ್ (1958) ಕಾದಂಬರಿಯನ್ನಾಧರಿಸಿದ ಕಪ್ಪು ಜನ ಕೆಂಪು ನೆರಳು ನಾಟಕವನ್ನು ಆಡಿಸಿದರು. ಆಫ್ರಿಕಾದ ಹಳ್ಳಿಯೊಂದು ವಸಾಹತುಶಾಹಿಗೆ ಸಿಕ್ಕಿ ಒಡೆಯುವ ಕತೆಯನ್ನು, ಆ ಖಂಡದಿಂದ ಶತಮಾನಗಳ ಹಿಂದೆಯೇ ಬೇರ್ಪಟ್ಟವರ ಸಂತತಿಯು ತಮ್ಮ ಊರಿನಲ್ಲಿ, ಕನ್ನಡದಲ್ಲಿ ಅಭಿನಯಿಸಿದ್ದು ಇದರ ವಿಶೇಷ. ಮುಂದೆ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಮೊದಲಾದವರು ನೀನಾಸಮ್‌ನಲ್ಲಿ ತರಬೇತಿ ಪಡೆದು ರಂಗಭೂಮಿ ಹಾಗೂ ಚಲನಚಿತ್ರಗಳಲ್ಲಿ ಗುರುತಿಸಿಕೊಂಡರು.

ಚರ್ಚೆಗಳು

ಈ ಪ್ರಯೋಗಗಳ ಸುತ್ತ ಮುಖ್ಯವಾಗಿ ಮೂರು ಪ್ರಶ್ನೆಗಳು ಎದ್ದಿವೆ. ಮೊದಲನೆಯದು ಪ್ರಾತಿನಿಧ್ಯದ ಪ್ರಶ್ನೆ: ಸಮುದಾಯದ ಹೊರಗಿನ ನಿರ್ದೇಶಕರು ಅದರ ನೋವನ್ನು ರಂಗಕ್ಕೆ ತಂದಾಗ ಸಹಾನುಭೂತಿ ಎಲ್ಲಿ ಮುಗಿದು ಪ್ರದರ್ಶನದ ಕುತೂಹಲ ಎಲ್ಲಿ ಆರಂಭವಾಗುತ್ತದೆ ಎಂಬುದು. ಎರಡನೆಯದು ಪಾತ್ರಹಂಚಿಕೆಯದು: ಸಿದ್ದಿ ನಟನಿಗೆ ಸಿದ್ದಿಯ ಪಾತ್ರ, ತೃತೀಯಲಿಂಗಿಗೆ ತನ್ನದೇ ಬದುಕಿನ ಪಾತ್ರ ಮಾತ್ರ ದೊರೆತರೆ ಅವಕಾಶವೇ ಬೇಲಿಯಾಗುತ್ತದೆ. ದೊರೆಯ, ಪ್ರೇಮಿಯ, ವಿದೂಷಕನ ಪಾತ್ರಗಳೂ ಅವರಿಗೆ ಸಿಗಬೇಕೆಂಬುದು ಇಲ್ಲಿನ ವಾದ. ಮೂರನೆಯದು ಸ್ಥಳದ್ದು: ಬಯಲಿನಲ್ಲಿಯೂ ಬೀದಿಯಲ್ಲಿಯೂ ಬೆಳೆದ ಪ್ರತಿಭಟನೆಯ ರಂಗಭೂಮಿಯು ಟಿಕೆಟಿನ ಸಭಾಂಗಣಕ್ಕೆ ಬಂದಾಗ ಹೊಸ ಪ್ರೇಕ್ಷಕರನ್ನು ಪಡೆಯುತ್ತದೆ, ಆದರೆ ಅದು ಯಾರ ಕತೆಯೋ ಅವರು ಆ ಪ್ರೇಕ್ಷಕರಲ್ಲಿ ಇರುತ್ತಾರೆಯೇ ಎಂಬ ಪ್ರಶ್ನೆ ಉಳಿದಿದೆ.

ಇವನ್ನೂ ನೋಡಿ

ವೃತ್ತಿ ರಂಗಭೂಮಿ
ನೀನಾಸಮ್
ಸಮುದಾಯ
ರವೀಂದ್ರ ಕಲಾಕ್ಷೇತ್ರ
ರಂಗಶಂಕರ
ಸಿದ್ದಿ ಜನಾಂಗ
ಯಕ್ಷಗಾನ