ಮರ ಕಾಯುವ ಗೇರೆಣ್ಣೆ

ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಾಲ, ಠೇವಣಿಯ ವಿಚಾರವನ್ನು ಉಳಿದವರು ಬರೆದಿದ್ದಾರೆ. ರೈತರಾದ ನಾವು ಮನೆಯ ಮಾಡಿನ ವಿಚಾರ ಬರೆಯುತ್ತೇವೆ. ಕರಾವಳಿಯ ಮಳೆಗೆ ಪಕಾಸು ಕುಂಬಾಗುವುದು, ಒರಲೆ ಹಿಡಿಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅದಕ್ಕೆ ಹಿರಿಯರು ಏನು ಮಾಡುತ್ತಿದ್ದರು ಎಂಬುದು ಮರೆತುಹೋಗುತ್ತಾ ಉಂಟು.

ಗಿಡಮರಗಳ ಸಾರ ಬಳಿಯುವ ವಿದ್ಯೆ ಬಹಳ ಹಳೆಯದು. 6ನೇ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ವಜ್ರಲೇಪದ ಕ್ರಮವಿದೆ. ಎಳೆ ಬೇಲದಕಾಯಿ, ಬೂರುಗದ ಹೂ ಮುಂತಾದವನ್ನು ನೀರಲ್ಲಿ ಕುದಿಸಿ, ಎಂಟನೇ ಒಂದು ಪಾಲಿಗೆ ಇಳಿಸಿ, ಮರದ ಅಂಟು ಬೆರೆಸಿ ದೇವಾಲಯ, ಮೂರ್ತಿ, ಗೋಡೆಗಳಿಗೆ ಬಿಸಿಯಾಗಿಯೇ ಬಳಿಯಬೇಕಂತೆ.

ನಮ್ಮ ಕಡೆಗೆ ಗೇರು ಬಂದದ್ದು 16ನೇ ಶತಮಾನದಲ್ಲಿ, ಪೋರ್ಚುಗೀಸರ ಮೂಲಕ. ಅದರ ಬೀಜದ ಸಿಪ್ಪೆಯ ಕಪ್ಪು ಎಣ್ಣೆಯನ್ನು ದೋಣಿಗೆ, ಪಕಾಸು ರೀಪುಗಳಿಗೆ ಬಳಿಯುವುದು ರೂಢಿಯಾಯಿತು. ಕೈಗೆ ತಾಗಿದರೆ ಚರ್ಮ ಸುಡುವ ಅನಾಕಾರ್ಡಿಕ್ ಆಮ್ಲ, ಕಾರ್ಡಾಲ್ ಈ ಎಣ್ಣೆಯಲ್ಲಿವೆ. ಹುಳಕ್ಕೂ ಅದು ಆಗುವುದಿಲ್ಲ. ಬಯಲುಸೀಮೆಯವರಿಗೆ ಬೇವಿನೆಣ್ಣೆ, ಹೊಂಗೆ ಎಣ್ಣೆ ಇದ್ದವು.

1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಎಂಬವರು ತಾಮ್ರ, ಕ್ರೋಮಿಯಂ, ಪಾಷಾಣ ಸೇರಿಸಿ 'ಆಸ್ಕು' ಎಂಬ ಔಷಧ ಕಂಡುಹಿಡಿದರು. ಮಣ್ಣಲ್ಲಿ ಹುಗಿದ ಕಂಬವೂ ಅದರಿಂದ ದಶಕಗಟ್ಟಲೆ ಬಾಳಿತು. ಜಗತ್ತೇ ಅದನ್ನು ಬಳಸಿತು. ಆದರೆ ಪಾಷಾಣ ಪಾಷಾಣವೇ ಅಲ್ವೇ! ಅಮೇರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಹೆಚ್ಚಿನ ಮರಗಳಿಗೆ ಅದನ್ನು ಹಾಕುವುದು ನಿಂತಿತು. ಒರಲೆಗೆಂದು ಹಾಕುತ್ತಿದ್ದ ಆಲ್ಡ್ರಿನ್ ನಮ್ಮ ದೇಶದಲ್ಲಿ 1996ರಲ್ಲಿ ನಿಷೇಧವಾಯಿತು. ಆಮೇಲೆ ವಿಜ್ಞಾನಿಗಳೂ ಗಿಡಮೂಲದ ಎಣ್ಣೆಗಳತ್ತ ಹೆಚ್ಚು ಗಮನ ಕೊಟ್ಟರು. ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲೂ ಇಂಥ ಪ್ರಯೋಗಗಳು ನಡೆದಿವೆ.

ಹಾಗೆಂದು ಗೇರೆಣ್ಣೆ ಎಲ್ಲಕ್ಕೂ ಮದ್ದು ಎಂದು ನಾವು ಹೇಳುವುದಿಲ್ಲ. ಮಳೆಗೆ ನೆನೆಯುವ, ಮಣ್ಣಲ್ಲಿ ನಿಲ್ಲುವ ಮರದಲ್ಲಿ ಎಣ್ಣೆಯ ಸತ್ವ ಬೇಗ ತೊಳೆದುಹೋಗುತ್ತದೆ. ಬೇಲಿಗೂಟಕ್ಕೆ ಅದನ್ನೇ ನಂಬಬಾರದು. ಮಾಡಿನೊಳಗಿನ ಮರಕ್ಕೆ ಸಾಕು. ಮರ ಚೆನ್ನಾಗಿ ಒಣಗಿರಬೇಕು, ಹಸಿಮರ ಎಣ್ಣೆ ಕುಡಿಯುವುದಿಲ್ಲ. ಕೊಯ್ದ ತುದಿಗಳಿಗೆ ಎರಡೆರಡು ಸಲ ಬಳಿಯಬೇಕು. ಬರಿಗೈಯಲ್ಲಿ ಮುಟ್ಟಬಾರದು. ಅಕ್ಕಿ, ಕಾಳು ಇಡುವ ಪೆಟ್ಟಿಗೆಗೆ ಹಚ್ಚಲೇಬಾರದು.

ಇಂದು ಒಂದು ಪಕಾಸು ಬದಲಾಯಿಸುವುದೆಂದರೆ ಮರದ ಬೆಲೆ, ಬಡಗಿಯ ಮಜೂರಿ ಎಲ್ಲ ಸೇರಿ ಸಣ್ಣ ರೈತನ ಕೈ ಕಚ್ಚುತ್ತದೆ. ಹಂಚು ಇಳಿಸಿ ರಿಪೇರಿ ಮಾಡುವ ಬೇಸಿಗೆಯಲ್ಲೇ ಎಣ್ಣೆ ಬಳಿದರೆ ಆ ಖರ್ಚು ಮುಂದಕ್ಕೆ ಹೋಗುತ್ತದೆ. ಸದಸ್ಯ ಬಾಂಧವರು ತಂತಮ್ಮ ಮನೆಯ ಹಿರಿಯರನ್ನು ಕೇಳಿ, ಅವರು ಬಳಸುತ್ತಿದ್ದ ಕ್ರಮವನ್ನು ಬರೆದಿಡಬೇಕೆಂದು ನಮ್ಮ ವಿನಂತಿ.