ಎಲ್ಲರಿಗಿಂತ ದೊಡ್ಡ ಪೈಲವಾನ ಯಾರು?

ಲೋಕದಲ್ಲಿ ಕೆಲವು ವಾದಗಳು ಮುಗಿಯುವುದಿಲ್ಲ. ಮುಗಿಯಲೆಂಬ ಆಸೆ ವಾದಿಸುವವರಿಗೂ ಇರುವುದಿಲ್ಲ. ಎಲ್ಲ ಕಾಲದ ಅತಿ ದೊಡ್ಡ ಮುಷ್ಟಿಮಲ್ಲ ಯಾರೆಂಬುದು ಅಂಥವುಗಳಲ್ಲಿ ಒಂದು. 1937ರಿಂದ 1949ರವರೆಗೆ ಪಟ್ಟವನ್ನು ಬಿಡದೆ 25 ಸಲ ಕಾಯ್ದುಕೊಂಡ ಜೋ ಲೂಯಿಯೆ? 49 ಕಾಳಗಗಳನ್ನಾಡಿ, ಒಂದರಲ್ಲಿಯೂ ಸೋಲದೆ, 1956ರಲ್ಲಿ ನಿವೃತ್ತನಾದ ರಾಕಿ ಮಾರ್ಸಿಯಾನೋನೆ? 1964ರಲ್ಲಿ ಪಟ್ಟವೇರಿ, ಯುದ್ಧಕ್ಕೆ ಹೋಗಲಾರೆನೆಂದು 1967ರಲ್ಲಿ ಅದನ್ನು ಕಳೆದುಕೊಂಡು, 1974ರಲ್ಲಿ ಮರಳಿ ಗಳಿಸಿದ ಮುಹಮ್ಮದ್ ಅಲಿಯೆ? ಈ ಜಗಳವನ್ನು ತೀರಿಸಲೆಂದು ಅಮೆರಿಕದವರು ಒಮ್ಮೆ ಗಣಕಯಂತ್ರದ ಮೊರೆಹೊಕ್ಕರು. 1969ರಲ್ಲಿ ಅಲಿಯನ್ನೂ ಮಾರ್ಸಿಯಾನೋನನ್ನೂ ಎದುರುಬದುರು ನಿಲ್ಲಿಸಿ, ಹುಸಿ ಹೊಡೆತಗಳ ಚಿತ್ರ ತೆಗೆದರು. ತೀರ್ಪನ್ನು ಯಂತ್ರಕ್ಕೆ ಬಿಟ್ಟರು. 1970ರಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ 13ನೆಯ ಸುತ್ತಿಗೆ ಅಲಿ ನೆಲಕ್ಕುರುಳಿದ. ಯುರೋಪಿನ ಪ್ರೇಕ್ಷಕರಿಗೆ ತೋರಿಸಿದ ಚಿತ್ರದಲ್ಲಿ ಗೆದ್ದವನು ಅಲಿಯೇ! ಪಾಪ, ಯಂತ್ರಕ್ಕೂ ಊರು ನೋಡಿ ನ್ಯಾಯ ಹೇಳುವ ಬುದ್ಧಿ ಬಂದಿತ್ತೆನ್ನಬೇಕು. ಆ ಚಿತ್ರ ತೆರೆ ಕಾಣುವ ಮೊದಲೇ ಮಾರ್ಸಿಯಾನೋ ವಿಮಾನಾಪಘಾತದಲ್ಲಿ ತೀರಿಹೋಗಿದ್ದ.

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಗೆ ಇದೇ ಪ್ರಶ್ನೆ ಬರುವುದು ಕೈಗವಸು ಹಾಕಿಕೊಂಡಲ್ಲ. ಲಂಗೋಟಿ ಬಿಗಿದು, ಮೈಗೆಲ್ಲ ಕೆಮ್ಮಣ್ಣು ಬಳಿದುಕೊಂಡು. ಜಾತ್ರೆಯ ಕಣದ ಸುತ್ತ ಕುಳಿತವರು ಪ್ರತಿ ಜೋಡಿ ಬಿಟ್ಟಾಗಲೂ ಹಳೆಯವರನ್ನು ನೆನೆಯುತ್ತಾರೆ. ಗೋಕಾಕದ ಕರದಂಟು ತಿಂದು ಬೆಳೆದವರು ಇವರು. ಮಾತಿನಲ್ಲಿಯೂ ಅಂಟು ಜಾಸ್ತಿ, ಹಿಡಿದ ಪಟ್ಟು ಬಿಡುವವರಲ್ಲ. ಆದರೆ ಅವರ ವಾದವನ್ನು ನಕ್ಕು ಬಿಡುವಂತಿಲ್ಲ. ಅದರೊಳಗೆ ಇತಿಹಾಸದ ಒಂದು ದೊಡ್ಡ ತೊಡಕಿದೆ.

ಮುಷ್ಟಿಯಾಗಲಿ ಮಲ್ಲಯುದ್ಧವಾಗಲಿ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮಲ್ಲರನ್ನು ವಯಸ್ಸು ಬಲಗಳಿಗೆ ತಕ್ಕಂತೆ ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲರೆಂದು ವಿಂಗಡಿಸಿ, ಅವರಿಗೆ ಏನನ್ನು ಉಣಿಸಬೇಕೆಂಬುದನ್ನು ಸಹ ಅರಸನು ಬರೆದಿಟ್ಟಿದ್ದಾನೆ. ಇದಾಗಿ ಸುಮಾರು ನಾನ್ನೂರು ವರ್ಷಗಳಿಗೆ, ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪಾಯಸನು ಮಹಾನವಮಿಯ ಮಲ್ಲರನ್ನು ಕಂಡು ಬೆರಗಾದ. ಇವರ ಕುಸ್ತಿ ತಮ್ಮ ದೇಶದ ಕುಸ್ತಿಯಂತಲ್ಲ, ಹಲ್ಲು ಮುರಿದು ಕಣ್ಣು ಕಳೆಯುವಂಥ ಹೊಡೆತಗಳ ಕಾಳಗವೆಂದು ಬರೆದ. ಅದರ ಕುಡಿಯೊಂದು ಮೈಸೂರಿನಲ್ಲಿ ಉಳಿದಿದೆ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ವಜ್ರಮುಷ್ಟಿ ಧರಿಸಿ ಎದುರಾಗುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿತೆಂದರೆ ಕಾಳಗ ಮುಗಿಯಿತು, ಜಂಬೂಸವಾರಿ ಹೊರಡಬಹುದು. ಅಲ್ಲಿ ಗೆದ್ದವನನ್ನು ಯಾರೂ ಜಗಜಟ್ಟಿಯೆಂದು ಕೂಗುವುದಿಲ್ಲ. ಮುಖ್ಯವಾದದ್ದು ಆಚರಣೆ, ಆಳಲ್ಲ.

ಆಳನ್ನು ಮುಖ್ಯವಾಗಿಸಿದ್ದು ಕುಸ್ತಿ. ಅದನ್ನು ಊರೂರಿಗೆ ಹಬ್ಬಿಸಿದ್ದು ಸಂಸ್ಥಾನಿಕರ ಆಶ್ರಯ. ಹುಕ್ಕೇರಿಯವರಿಗೆ ಬೆಂಗಳೂರಿಗಿಂತ ಕೊಲ್ಲಾಪುರವೇ ಹತ್ತಿರ. ಅಲ್ಲಿಯ ಶಾಹು ಮಹಾರಾಜರು ಯುರೋಪಿನಲ್ಲಿ ರೋಮನರ ಅಖಾಡ ನೋಡಿಬಂದು, ಖಾಸಬಾಗ ಮೈದಾನವನ್ನು ಕಟ್ಟಿಸಿದರು. 1912ರಲ್ಲಿ ಅದು ತೆರೆಯಿತು. ಕಣವನ್ನು ನಡುವೆ ಎತ್ತರಿಸಿ, ಯಾವ ಮೂಲೆಯಲ್ಲಿ ಕುಳಿತವನಿಗೂ ಕುಸ್ತಿ ಕಾಣುವಂತೆ ಮಾಡಿದ ಮೈದಾನವದು. ನಮ್ಮ ಭಾಗದ ಹುಡುಗರ ಪಾಲಿಗೆ ಅದೇ ಕಾಶಿಯಾಯಿತು.

ಈಗ ವಾದಕ್ಕೆ ಬರೋಣ. ಕಣದ ಸುತ್ತಲಿನವರಲ್ಲಿ ಮೂರು ಪಕ್ಷಗಳನ್ನು ನಾನು ಕಂಡಿದ್ದೇನೆ.

ಮೊದಲನೆಯದು ಗಾಮಾನ ಪಕ್ಷ. 1878ರಲ್ಲಿ ಹುಟ್ಟಿದ ಗುಲಾಮ್ ಮುಹಮ್ಮದ್ 1910ರಲ್ಲಿ ಲಂಡನ್ನಿಗೆ ಹೋದಾಗ, ಆಳು ಗಿಡ್ಡನೆಂದು ಸ್ಪರ್ಧೆಗೆ ಸೇರಿಸಿಕೊಳ್ಳಲಿಲ್ಲ. ಬಂದವರನ್ನೆಲ್ಲ ಕೆಡವುತ್ತೇನೆಂದು ಆತ ಸವಾಲು ಹಾಕಿದ. ಅಮೆರಿಕದ ರೋಲರನನ್ನು ಕೆಡವಿಯೂ ತೋರಿಸಿದ. ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ಬಿಸ್ಕೋ ಎದುರಾಗಿ ಎರಡೂವರೆ ತಾಸಿಗೂ ಹೆಚ್ಚು ಹೊತ್ತು ನೆಲ ಕಚ್ಚಿಕೊಂಡೇ ಇದ್ದ, ಸಮವಾಯಿತು. ವಾರದ ಬಳಿಕ ಮತ್ತೆ ಕೂಡಬೇಕಾದಾಗ ಆತ ಬರಲೇ ಇಲ್ಲ. 1928ರಲ್ಲಿ ಪಟಿಯಾಲೆಯಲ್ಲಿ ಕೊನೆಗೂ ಸಿಕ್ಕವನು ಒಂದು ನಿಮಿಷದೊಳಗೆ ಚಿತ್ತಾದ. 1960ರಲ್ಲಿ ಲಾಹೋರಿನಲ್ಲಿ ಕಣ್ಣು ಮುಚ್ಚುವವರೆಗೆ ಗಾಮಾ ಸೋಲರಿಯದವನೆಂದೇ ಹೆಸರಾಗಿದ್ದ.

ಎರಡನೆಯದು ಪದಕದ ಪಕ್ಷ. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವರು, ಕೊಲ್ಲಾಪುರದ ಮಣ್ಣಿನಲ್ಲಿ ಕಲಿತವರು, 1948ರಲ್ಲಿ ಲಂಡನ್ನಿನಲ್ಲಿ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದವನೊಬ್ಬ ಒಲಿಂಪಿಕ್ಕಿನಲ್ಲಿ ಒಬ್ಬನೇ ಆಡಿ ಗಳಿಸಿದ ಮೊದಲ ಪದಕವದು. ಅವರನ್ನು ಕಳಿಸಲು ಕಾಲೇಜಿನ ಪ್ರಾಚಾರ್ಯರು ಸ್ವಂತ ಮನೆಯನ್ನೇ ಒತ್ತೆಯಿಟ್ಟರು. ಜಾಧವರು 1984ರಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಆ ಬಳಿಕ, ಹಲವು ವರ್ಷ ಕಳೆದ ಮೇಲೆ.

ಮೂರನೆಯ ಪಕ್ಷ ತೀರ ನಮ್ಮದು. ಚಿಕ್ಕೋಡಿ ಸೀಮೆಯ ಯಕ್ಸಂಬಾದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ದಿಲ್ಲಿಯಲ್ಲಿ ಪಂಜಾಬದ ಬತ್ತಾಸಿಂಗನನ್ನು ಕೆಡವಿ ಮೊಟ್ಟಮೊದಲ 'ಹಿಂದ್ ಕೇಸರಿ'ಯಾದರು. ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂದು ಆಗ ಮೂರೇ ವರ್ಷ. ಅವರ ಮನೆತನದ ಹೆಸರಿನಲ್ಲಿ ಮುತ್ನಾಳ, ಹಿಟ್ನಾಳಗಳಲ್ಲಿರುವ 'ನಾಳ'ವೇ ನನ್ನ ಕಿವಿಗೆ ಕೇಳಿಸುತ್ತದೆ. ತುದಿಯ ಏಕಾರ ಮಾತ್ರ ಮರಾಠಿಯದು. ಹುಟ್ಟೂರು ಇತ್ತ, ತಾಲೀಮು ಅತ್ತ. 2020ರ ಡಿಸೆಂಬರಿನಲ್ಲಿ ಕೊಲ್ಲಾಪುರದಲ್ಲಿ ಅವರು ತೀರಿಕೊಂಡರು. ಗಡಿಯ ಬಗ್ಗೆ ಇಷ್ಟೊಂದು ಜಗಳವಾಡಿದ ನಾವು, ಗಡಿಯ ಎರಡೂ ಕಡೆಗೆ ಸೇರಿದ ಆ ಮನುಷ್ಯನನ್ನು ಯಾರ ಪಾಲಿಗೂ ಪೂರ್ತಿ ಬರದಂತೆ ಮಾಡಿದೆವೋ ಏನೋ.

ಈ ಮೂವರಲ್ಲಿ ದೊಡ್ಡವರು ಯಾರು? ತೂಗಲು ತಕ್ಕಡಿ ಒಂದೇ ಇರಬೇಕಲ್ಲ! ಗಾಮಾನ ಮಣ್ಣಿನ ಕುಸ್ತಿಗೆ ಗುಣಗಳ ಲೆಕ್ಕವಿರಲಿಲ್ಲ. ಎದುರಾಳಿಯ ಬೆನ್ನು ನೆಲಕ್ಕೆ ತಾಗಬೇಕು, ಅಲ್ಲಿಗೆ ತೀರಿತು. ಹೊತ್ತಿನ ಮಿತಿಯೂ ಬಹುಮಟ್ಟಿಗೆ ಇರಲಿಲ್ಲ. ಒಲಿಂಪಿಕ್ಕಿನ ಹಾಸಿನ ಮೇಲೆ ನಿಮಿಷಗಳಿವೆ, ಗುಣಗಳಿವೆ, ತೂಕದ ವರ್ಗಗಳಿವೆ. ಮಣ್ಣಿನಲ್ಲಿ ತಾಸುಗಟ್ಟಲೆ ತಾಳುವ ದೇಹ ಬೇರೆ, ಹಾಸಿನ ಮೇಲೆ ಮಿಂಚಿನಂತೆ ತಿರುಗುವ ದೇಹ ಬೇರೆ. ಆಹಾರವೂ ಹಾಗೆಯೇ. ಗಾಮಾನಿಗೆ ಪಟಿಯಾಲೆಯ ಅರಸನ ಆಶ್ರಯವಿತ್ತು. 1949ರಲ್ಲಿ ಕೊಲ್ಲಾಪುರ ಸಂಸ್ಥಾನ ವಿಲೀನವಾದ ಮೇಲೆ ಬಂದ ಪೈಲವಾನರು ಹಾಲು ಬಾದಾಮಿಗಾಗಿ ಜಾತ್ರೆಯ ಇನಾಮನ್ನೇ ನಂಬಬೇಕಾಯಿತು. ಅರಸನ ಅನ್ನ ಉಂಡವನನ್ನೂ ಬಡವರ ವಂತಿಗೆಯ ಅನ್ನ ಉಂಡವನನ್ನೂ ಒಂದೇ ಕಣದಲ್ಲಿ ನಿಲ್ಲಿಸಿ ನೋಡುವುದು ಗಣಕಯಂತ್ರದ ಆಟವಾದೀತು, ನ್ಯಾಯವಾಗಲಾರದು.

ಹಾಗಾದರೆ ಈ ಪ್ರಶ್ನೆಯನ್ನೇ ಕೈಬಿಡಬೇಕೆ? ಬೇಡ. ಇಲ್ಲಿ ನನಗೆ ದಾರಿ ತೋರಿಸಿದವನು ಕವಿ ರನ್ನ. ಆತ ನಮ್ಮ ನೆರೆಯವನೇ. ಮೂಡಲಗಿಯಿಂದ ಮೂಡಣಕ್ಕೆ ಹೋದರೆ ಆತನ ಮುಧೋಳ. ಭೀಮನನ್ನು ಮೆರೆಸಲೆಂದೇ ಹೊರಟ 'ಗದಾಯುದ್ಧ'ದಲ್ಲಿ ಆತ ದುರ್ಯೋಧನನನ್ನು ಎಷ್ಟು ಎತ್ತರಕ್ಕೆ ಒಯ್ದನೆಂದರೆ, ಓದಿ ಮುಗಿಸಿದವರ ಮನಸ್ಸಿನಲ್ಲಿ ಸೋತವನೇ ನಿಲ್ಲುತ್ತಾನೆ. ಇದು ಕವಿ ತಪ್ಪಿ ಬಿದ್ದ ಜಾಗವಲ್ಲ, ತಿಳಿದು ಇಟ್ಟ ಹೆಜ್ಜೆ. ಕೆಡವಲ್ಪಟ್ಟವನು ಗುಡ್ಡದಂತಿರದಿದ್ದರೆ ಕೆಡವಿದವನ ದೊಡ್ಡಸ್ತಿಕೆ ಯಾವುದರಿಂದ ಅಳೆಯಬೇಕು?

ಈ ಅಳತೆಗೋಲಿನಿಂದ ನೋಡಿದರೆ ನನ್ನ ಮತ ಗಾಮಾನಿಗೆ. ಸ್ಬಿಸ್ಕೋನನ್ನು ಕೆಡವಿದ್ದಕ್ಕಲ್ಲ, 1928ರಲ್ಲಿ ಸ್ಬಿಸ್ಕೋ ಐವತ್ತರ ಹತ್ತಿರ ಬಂದಿದ್ದ. ನನ್ನ ಕಾರಣ ರಹೀಮ್ ಬಕ್ಷ್ ಸುಲ್ತಾನಿವಾಲಾ. ಸುಮಾರು ಏಳಡಿಯ ಆ ಆಳು ಹದಿಹರೆಯದ ಗಾಮಾನಿಗೆ ಗೆಲುವು ಕೊಡಲಿಲ್ಲ, ಮುಂದೆಯೂ ಸಮ ಸಮ ನಿಂತ. ಲಂಡನ್ನಿನಿಂದ ಮರಳಿದ ಮೇಲೆ ಅಲಹಾಬಾದಿನಲ್ಲಿ ಮಾತ್ರ ಕಣ ಬಿಟ್ಟುಕೊಟ್ಟ. ಗಾಮಾನ ಕಥೆ ಹೇಳುವವರು ಯಾರೂ ರಹೀಮನನ್ನು ಬಿಟ್ಟು ಹೇಳುವುದಿಲ್ಲ. ಸೋತವನ ಹೆಸರೂ ಉಳಿಯಿತು. ಆದುದರಿಂದ ಗೆದ್ದವನನ್ನು ಅಳೆಯುವುದು ಸಾಧ್ಯವಾಯಿತು.

ತೊಡಕೆಂದು ನಾನು ಮೊದಲು ಹೇಳಿದ್ದು ಇದೇ. ನಾವು ದೊಡ್ಡವರೆಂದು ಆರಿಸುವುದು ಬಲಿಷ್ಠರಲ್ಲಿ ದೊಡ್ಡವರನ್ನಲ್ಲ, ನೆನಪಿನಲ್ಲಿ ಉಳಿದವರಲ್ಲಿ ದೊಡ್ಡವರನ್ನು. ನನ್ನ ತರಗತಿಯ ಹುಡುಗರಲ್ಲಿ ಕೆಲವರಿಗೆ ಗಾಮಾನ ಹೆಸರು ಗೊತ್ತು. ಮೊದಲ ಹಿಂದ್ ಕೇಸರಿ ನಮ್ಮ ಜಿಲ್ಲೆಯ ಯಕ್ಸಂಬಾದವನೆಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇನ್ನು ಗೋಕಾಕದಲ್ಲಿ, ಹುಕ್ಕೇರಿಯಲ್ಲಿ, ಮೂಡಲಗಿಯ ಹಳ್ಳಿಗಳಲ್ಲಿ ಬೆಳಗಿನ ಜಾವ ಮಣ್ಣು ಹದಮಾಡಿ ಮಕ್ಕಳಿಗೆ ಪಟ್ಟು ಕಲಿಸಿದ ಉಸ್ತಾದರ ಗತಿಯೇನು? ಅವರ ಗೆಲುವು ಬರೆಯಲ್ಪಟ್ಟದ್ದು ಬೆಳ್ಳಿಯ ಕಡಗದ ಮೇಲೆ. ಕಷ್ಟ ಬಂದ ವರ್ಷ ಎಷ್ಟೋ ಕಡಗಗಳು ಅಕ್ಕಸಾಲಿಗನ ಮೂಸೆಗೆ ಇಳಿದಿರಬೇಕು. ದನ ಕಾಯಲು ಸತ್ತವನಿಗೂ ಒಂದು ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು. ಆ ಕಲ್ಲು 'ಇವನೇ ಎಲ್ಲರಿಗಿಂತ ದೊಡ್ಡವನು' ಎನ್ನುವುದಿಲ್ಲ. ಇಂಥವನು, ಇಂಥ ಊರಿಗಾಗಿ, ಇಂಥವರೊಡನೆ ಕಾದಿದ ಎನ್ನುತ್ತದೆ. ಇತಿಹಾಸಕ್ಕೆ ಬೇಕಾದದ್ದು ಅಷ್ಟೇ.

1959ರ ಕುಸ್ತಿಯ ಸುದ್ದಿ ಕೇಳಿ ಕುಣಿದ ಹುಡುಗರು ಇಂದು ಎಂಬತ್ತರ ಆಚೆಗಿದ್ದಾರೆ. ವಾಚಕರ ಮನೆಯಲ್ಲಿ ಅಂಥ ಅಜ್ಜನೊಬ್ಬನಿದ್ದರೆ, ದೊಡ್ಡವನು ಯಾರೆಂದು ಅವನೊಡನೆ ವಾದಿಸುವುದನ್ನು ಒಂದು ಸಂಜೆ ಬದಿಗಿಟ್ಟು, ಯಾವ ಊರ ಕಣ, ಯಾವ ವರ್ಷ, ಯಾರು ಯಾರನ್ನು ಯಾವ ಪಟ್ಟಿನಿಂದ ಕೆಡವಿದರೆಂದು ಕೇಳಿ ಬರೆದಿಟ್ಟುಕೊಳ್ಳಲಿ. ಬಿದ್ದವನ ಹೆಸರನ್ನು ಮಾತ್ರ ತಪ್ಪದೆ ಬರೆಯಲಿ. ವಾದ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ಜಾತ್ರೆಯವರೆಗೂ ಕಾಯುತ್ತದೆ, ಅಜ್ಜ ಕಾಯುವುದಿಲ್ಲ.