ರಂಗನತಿಟ್ಟಿನ ದಂಡೆಯಲ್ಲಿ

ಮೈಸೂರಿಗೆ ಹೊರಟ ರೈಲು ನಾಯಂಡಹಳ್ಳಿ ದಾಟಿ ಕೆಂಗೇರಿಯತ್ತ ಸಾಗುವಾಗ ಮೂಗಿಗೆ ಬಟ್ಟೆ ಹಿಡಿಯದವರು ವಿರಳ. ಆ ನಾತ ವೃಷಭಾವತಿಯದು. ಬಸವನಗುಡಿಯ ದೊಡ್ಡ ಬಸವನ ಪಾದದಡಿ ಹುಟ್ಟಿದಳೆಂದು ಹಿರಿಯರು ನಂಬಿ ಹೆಸರಿಟ್ಟ ಹೊಳೆ ಅದು. ಅದೇ ರೈಲಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿಳಿದು, ರಂಗನತಿಟ್ಟಿನ ಕಾವೇರಿಯ ದಂಡೆಯಲ್ಲಿ ಬಿದಿರಿನ ನೆರಳು ಹಿಡಿದು ನಡೆದರೆ, ಎರಡು ಹೊಳೆಗಳ ಹಣೆಬರಹ ಇಷ್ಟು ಬೇರೆಯಾದದ್ದು ಹೇಗೆಂಬ ಪ್ರಶ್ನೆ ಏಳದಿರದು.

'ತಿಟ್ಟು' ಎಂದರೆ ದಿಬ್ಬ, ಎತ್ತರದ ನೆಲ. ಇಲ್ಲಿನ ತಿಟ್ಟುಗಳು ಇಂದಿನ ರೂಪ ತಳೆದದ್ದು ಮನುಷ್ಯನ ಕೈಯಿಂದ. ೧೬೪೫ರಿಂದ ೧೬೪೮ರ ನಡುವೆ ರಣಧೀರ ಕಂಠೀರವ ನರಸರಾಜ ಒಡೆಯರು ನದಿಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದರು. ನೀರು ನಿಂತಿತು, ಎತ್ತರದ ನೆಲ ನಡುಗಡ್ಡೆಯಾಯಿತು. ಸುತ್ತ ನೀರು, ನೀರಿನಲ್ಲಿ ಮೊಸಳೆ: ಮರಿ ಮಾಡುವ ಹಕ್ಕಿಗೆ ಇದಕ್ಕಿಂತ ಭದ್ರವಾದ ಕೋಟೆ ಯಾವುದು? ಬಾಯ್ಕಳಕ, ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ನೀರುಕಾಗೆಗಳು ಯಾರ ಅಪ್ಪಣೆಯನ್ನೂ ಕೇಳದೆ ಬಂದು ನೆಲಸಿದವು.

ಅದನ್ನು ಕಂಡು ಬೆಲೆ ಅರಿತವರು ಪಕ್ಷಿತಜ್ಞ ಸಲೀಂ ಅಲಿ. ಅವರ ಮಾತಿಗೆ ಮೈಸೂರಿನ ಅರಸರು ಕಿವಿಗೊಟ್ಟರು; ೧೯೪೦ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ೨೦೨೨ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿ ಜಗತ್ತಿನ ಮನ್ನಣೆಯನ್ನೂ ಪಡೆಯಿತು. ಹಾಗೆಂದು ಅಪಾಯ ತೀರಿತೆನ್ನುವಂತಿಲ್ಲ. ಮೇಲಣ ಕನ್ನಂಬಾಡಿ ಕಟ್ಟೆ ತುಂಬಿ ನೀರನ್ನು ಒಮ್ಮೆಲೇ ಬಿಟ್ಟ ವರ್ಷ ತಿಟ್ಟುಗಳ ಮಣ್ಣು ಕೊಚ್ಚಿಹೋಗುತ್ತದೆ. ತಗ್ಗಿನ ಗೂಡುಗಳು ಮುಳುಗುತ್ತವೆ. ಮನುಷ್ಯನ ಒಂದು ಕಟ್ಟೆ ಕೊಟ್ಟ ಆಸರೆಯನ್ನು ಇನ್ನೊಂದು ಕಟ್ಟೆ ಕಿತ್ತುಕೊಳ್ಳಬಲ್ಲದು.

ಈಗ ವೃಷಭಾವತಿಗೆ ಮರಳೋಣ. ೧೯೭೪ರಲ್ಲಿ ಕಾವೇರಿಯ ನೀರು ಬೆಂಗಳೂರಿಗೆ ಬಂತು. ರಂಗನತಿಟ್ಟಿನ ಹಕ್ಕಿಗಳ ಕಾಲು ತೊಳೆದು ಹರಿದ ನದಿಯೇ ಇಂದು ರಾಜಾಜಿನಗರ, ವಿಜಯನಗರಗಳ ನಮ್ಮ ಮನೆಯ ನಲ್ಲಿಗಳಲ್ಲಿ ಇಳಿಯುತ್ತದೆ. ನಾವು ಬಳಸಿ ಚೆಲ್ಲಿದ್ದು ಮೋರಿಗಳ ಮೂಲಕ ವೃಷಭಾವತಿಗೆ ಸೇರುತ್ತದೆ. ಅವಳು ಕೆಂಗೇರಿ, ಬಿಡದಿಗಳ ಕಡೆ ಹರಿದು ಅರ್ಕಾವತಿಯನ್ನು ಕೂಡುತ್ತಾಳೆ. ಅರ್ಕಾವತಿ ಕನಕಪುರದಾಚೆಯ ಸಂಗಮದಲ್ಲಿ ಮತ್ತೆ ಕಾವೇರಿಯನ್ನೇ ಕೂಡುತ್ತಾಳೆ. ತವರಿನಿಂದ ಶುಭ್ರವಾಗಿ ಬಂದವಳನ್ನು ನಾವು ಯಾವ ರೂಪದಲ್ಲಿ ಹಿಂದಕ್ಕೆ ಕಳಿಸುತ್ತಿದ್ದೇವೆ!

ಒಡ್ಡು ಕಟ್ಟಿಸಿದ ಅರಸರ ಲಕ್ಷ್ಯವಿದ್ದದ್ದು ಗದ್ದೆಯ ಮೇಲೆ, ಹಕ್ಕಿಯ ಮೇಲಲ್ಲ. ಮೋರಿ ತೋಡಿದ ನಮ್ಮ ಲಕ್ಷ್ಯವಿದ್ದದ್ದು ಮನೆಯ ಮೇಲೆ, ಹೊಳೆಯ ಮೇಲಲ್ಲ. ಎರಡೂ ಕಡೆ ಫಲ ನೆನೆಯದೆ ಬಂದದ್ದೇ. ಆದರೆ ಅಲ್ಲಿ ನಿಂತು ನೋಡಿದವರೊಬ್ಬರಿದ್ದರು, ಅವರ ಮಾತು ಕೇಳಿದವರಿದ್ದರು. ಇಲ್ಲಿ ನಾವು ಕಿಟಕಿ ಮುಚ್ಚಿ ಮುಂದೆ ಸಾಗುತ್ತೇವೆ. ಮುಂದಿನ ಬಾರಿ ಕೆಂಗೇರಿಯ ಬಳಿ ಕಿಟಕಿ ತೆರೆದೇ ಇರಲಿ, ನೋಡುವುದರಿಂದಲಾದರೂ ತೊಡಗೋಣ.